ಎರೆನೆಲಕ್ಕೆ ಎಂಥ ಸೈಕಲ್?

ಕಲಬುರಗಿಯ ಸ್ಟೇಶನ್ ಬಜಾರದಿಂದ ಹೊರಟು ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ 35–40 ಕಿಲೋಮೀಟರ್. ಊರೊಳಗೆ ಡಾಂಬರು, ಕಾಂಕ್ರೀಟು. ಊರು ದಾಟಿ ಹೆದ್ದಾರಿ ಬಿಟ್ಟು ಹೊಲದ ಹಾದಿಗೆ ಇಳಿದರೆ ತೊಗರಿ ಬೆಳೆಯುವ ಕಪ್ಪು ಎರೆ. ಮಹಾಗಾಂವ ಕ್ರಾಸ್ ಹಿಂದೆ ಬಿದ್ದು ಕಮಲಾಪುರ ಹತ್ತಿರವಾದಂತೆ ಕೆಂಪು ಮಣ್ಣು, ಗರಸು, ಸಣ್ಣಪುಟ್ಟ ಏರು. ಅಲ್ಲಿಂದ ಮುಂದೆ ಬೀದರ್ ಕಡೆಗೆ ಜಂಬಿಟ್ಟಿಗೆಯ ಎತ್ತರದ ನೆಲವೇ ಶುರು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಹುಮನಾಬಾದ್ 600 ಮೀಟರಿಗೂ ಮೇಲಿದೆ. ಹೊಸದಾಗಿ ಮೌಂಟೇನ್ ಬೈಕ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ನೆಲವನ್ನು. ಅಂಗಡಿಯ ಗಾಜಿನಾಚೆ ಹೊಳೆಯುವ ಬಣ್ಣ ಆಮೇಲಿನ ಮಾತು.

ಹೆಚ್ಚಿನವರು ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಗೇರ್ ಎಷ್ಟು, ಶಾಕ್ ಎರಡೂ ಕಡೆ ಇದೆಯೇ? ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಈ ಎರಡಕ್ಕೆ ಸುರಿಯುವ ಹಣ ಬಹುಪಾಲು ವ್ಯರ್ಥ ಎಂದು ನಾನು ಖಚಿತವಾಗಿ ನಂಬುತ್ತೇನೆ. ಅದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ.

ಮೌಂಟೇನ್ ಬೈಕ್ ಹುಟ್ಟಿದಾಗ ಅದಕ್ಕೆ ಶಾಕ್ ಇರಲೇ ಇಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ, ಭಾರದ, ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮೇಲಿಂದ ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಅಲ್ಲಿ ಮೊದಲ ‘ರಿಪ್ಯಾಕ್’ ಪಂದ್ಯ ನಡೆಯಿತು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್‌ನೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಪಂದ್ಯದ ಹೆಸರು ಬಂದದ್ದೇ ಹಾಗೆ. ಆ ಯುವಕರಲ್ಲೊಬ್ಬನಾದ ಜೋ ಬ್ರೀಜ್ ಮಣ್ಣಿನ ದಾರಿಗೆಂದೇ ಮೊದಲ ಫ್ರೇಮ್ ಕಟ್ಟಿದ್ದು 1977ರಲ್ಲಿ. ಎಣ್ಣೆ ಮತ್ತು ಗಾಳಿಯಿಂದ ಕೆಲಸ ಮಾಡುವ ಮುಂದಿನ ಫೋರ್ಕ್ ಮಾರುಕಟ್ಟೆಗೆ ಬಂದದ್ದು 1989ರ ಸುಮಾರಿಗೆ. ನಡುವಿನ ಹತ್ತು-ಹನ್ನೆರಡು ವರ್ಷ ಆ ಕಲ್ಲುಹಾದಿಯ ಪೆಟ್ಟು ತಡೆದದ್ದು ಟೈರಿನೊಳಗಿನ ಗಾಳಿ ಮತ್ತು ಸವಾರನ ಮೊಣಕೈ, ಮೊಣಕಾಲು.

ಆ ಗಾಳಿಯ ಲೆಕ್ಕ ಬಹಳ ಸರಳ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. ಟೈರಿನಲ್ಲಿ 60 ಪಿಎಸ್‌ಐ ಗಾಳಿ ಇದ್ದರೆ ಎರಡೂ ಗಾಲಿ ಸೇರಿ ನೆಲಕ್ಕೆ ತಾಗುವುದು ಸುಮಾರು 20 ಚದರ ಸೆಂಟಿಮೀಟರ್, ಅಂದರೆ ಒಂದು ಬೆಂಕಿಪೊಟ್ಟಣದಷ್ಟು ಜಾಗ. ಗಾಳಿಯನ್ನು 30ಕ್ಕೆ ಇಳಿಸಿದರೆ ಅದು ಇಮ್ಮಡಿಯಾಗುತ್ತದೆ. ತೂಕವನ್ನು ಒತ್ತಡದಿಂದ ಭಾಗಿಸಿದರೆ ಬರುವುದೇ ಈ ವಿಸ್ತಾರ. ನುಣುಪಾದ ಡಾಂಬರಿನಲ್ಲಿ ಗಟ್ಟಿ ಟೈರು ಹಗುರಾಗಿ ಓಡುತ್ತದೆ, ನಿಜ. ಗರಸಿನಲ್ಲಿ ಮಾತ್ರ ಅದೇ ಟೈರು ಪ್ರತಿ ಹರಳಿಗೂ ಸೈಕಲನ್ನೂ ಸವಾರನನ್ನೂ ಒಟ್ಟಾಗಿ ಮೇಲಕ್ಕೆತ್ತುತ್ತದೆ. ಎತ್ತುವುದಕ್ಕೆ ಹೋದ ಶಕ್ತಿ ನಿಮ್ಮ ಕಾಲಿನದೇ. ಮೆದುವಾದ ಟೈರು ಹರಳನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಹೋಗುತ್ತದೆ. ಆದರೆ ಗಾಳಿ ಇಳಿಸಲು ಟೈರು ಅಗಲವಿರಬೇಕು, ಇಲ್ಲವಾದರೆ ಕಲ್ಲು ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿಯುತ್ತದೆ. ಎರಡು ಇಂಚು ಅಥವಾ ಅದಕ್ಕಿಂತ ತುಸು ಹೆಚ್ಚಿನ ಅಗಲ ಈ ಸೀಮೆಗೆ ಸಾಕು. ಹಾಗೆಯೇ, ಮೇ ತಿಂಗಳಲ್ಲಿ ಬೆಳಗಿನ ತಂಪಿನಲ್ಲಿ 30 ತುಂಬಿಸಿದ ಗಾಳಿ ಮಧ್ಯಾಹ್ನದ ಬಿಸಿಲಿಗೆ ಕಾದು 34ರ ಹತ್ತಿರ ಬರುತ್ತದೆ. ಸಿಡಿಯುವಷ್ಟಲ್ಲದಿದ್ದರೂ ಅಂಗೈಗೆ ಗೊತ್ತಾಗುವಷ್ಟು ಗಟ್ಟಿ.

ಇನ್ನು ಶಾಕ್‌ನ ವಿಷಯ. ಒಳ್ಳೆಯ ಫೋರ್ಕ್‌ನಲ್ಲಿ ಎರಡು ಕೆಲಸ ನಡೆಯುತ್ತವೆ. ಸ್ಪ್ರಿಂಗ್ ಅಥವಾ ಗಾಳಿ ಪೆಟ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಣ್ಣ ರಂಧ್ರಗಳ ಮೂಲಕ ಹಾಯುವ ಎಣ್ಣೆ ಆ ಶಕ್ತಿಯನ್ನು ಶಾಖವಾಗಿಸಿ ಕಳೆಯುತ್ತದೆ. ಅಗ್ಗದ ಫೋರ್ಕ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಇರುತ್ತದೆ. ಹಿಡಿದ ಪೆಟ್ಟನ್ನು ಸ್ಪ್ರಿಂಗ್ ಮರುಕ್ಷಣವೇ ವಾಪಸು ಕೊಡುತ್ತದೆ, ಗಾಲಿ ನೆಲ ಬಿಟ್ಟು ಪುಟಿಯುತ್ತದೆ, ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಸೀಟಿನಡಿ ಇನ್ನೊಂದು ಸ್ಪ್ರಿಂಗ್ ಇದ್ದರೆ ಏರಿನಲ್ಲಿ ಪ್ರತಿ ತುಳಿತಕ್ಕೂ ಸೈಕಲ್ ಕುಸಿದೇಳುತ್ತ ನಿಮ್ಮ ಶ್ರಮವನ್ನು ಕದಿಯುತ್ತದೆ. ಎರಡರಿಂದಲೂ ತೂಕ ಹೆಚ್ಚುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಹಿಂದೆ ಶಾಕ್ ಬೇಡವೇ ಬೇಡ. ಮುಂದೆಯೂ ಗಟ್ಟಿ ಫೋರ್ಕ್ ಸಿಕ್ಕರೆ ಹಿಂಜರಿಯಬೇಕಿಲ್ಲ, ಉಳಿದ ಹಣ ಟೈರಿಗೂ ಬ್ರೇಕಿಗೂ ಹೋಗಲಿ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಅದುಮಿ ಬಿಡಿ. ಠಕ್ಕನೆ ಮೇಲಕ್ಕೆ ಚಿಮ್ಮಿದರೆ ಅದರೊಳಗೆ ಎಣ್ಣೆಯ ಕೆಲಸ ಇಲ್ಲ. ನಿಧಾನವಾಗಿ ಏರಿದರೆ ಇದೆ.

ಬ್ರೇಕ್ ಎಂದಾಗ ಎರೆಮಣ್ಣಿನ ಸ್ವಭಾವ ಹೇಳಲೇಬೇಕು. ಕೋಟ್ಯಂತರ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ದಖ್ಖನ್ ಲಾವಾದ ಕಲ್ಲು ಸವೆದು ಹುಟ್ಟಿದ ಮಣ್ಣಿದು. ಇದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳ. ಆ ಖನಿಜದ ಹಾಳೆಯಂಥ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕುಗಳು ಸಪೂರ ಟೈರು ಸಿಕ್ಕಿಕೊಳ್ಳುವಷ್ಟು ಬಾಯಿ ತೆರೆದಿರುತ್ತವೆ. ಮಳೆ ಬಿದ್ದ ಮೇಲಂತೂ ಅದೇ ಮಣ್ಣು ಟೈರಿಗೆ ಅಂಟಿ, ಸುತ್ತಿದಷ್ಟೂ ದಪ್ಪವಾಗಿ, ಫೋರ್ಕಿನ ಸಂದಿಯಲ್ಲಿ ಗಿಡಿದುಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕ್ ಈ ಕೆಸರಿನಲ್ಲಿ ಜಾರುತ್ತದೆ, ಮಣ್ಣಿನೊಳಗಿನ ಹರಳು ರಿಮ್ಮನ್ನು ತಿಕ್ಕಿ ಸವೆಸುತ್ತದೆ. ಗಾಲಿಯ ನಡುವಿನಲ್ಲಿ, ಕೆಸರಿಗೆ ದೂರವಾಗಿ ಕೂತ ಡಿಸ್ಕ್ ಬ್ರೇಕ್‌ಗೆ ಆ ತೊಂದರೆ ಬಹಳ ಕಡಿಮೆ. ಎಣ್ಣೆಯ ಡಿಸ್ಕ್ ಬಲವಾದದ್ದೇ ಆದರೂ, ಹೊಸಬರಿಗೆ ತಂತಿಯ ಡಿಸ್ಕ್ ಸಾಕೆನ್ನುತ್ತೇನೆ. ಕೇಬಲ್ ತುಂಡಾದರೆ ಯಾವ ಸೈಕಲ್ ಅಂಗಡಿಯವರೂ ಬದಲಿಸಿಕೊಡುತ್ತಾರೆ, ಎಣ್ಣೆಯೊಳಗೆ ಸೇರಿದ ಗಾಳಿ ತೆಗೆಯಲು ಬೇರೆಯೇ ಸಾಮಾನು ಬೇಕು. ಟೈರಿಗೂ ಫೋರ್ಕಿಗೂ ನಡುವೆ ಒಂದು ಬೆರಳು ಆಡುವಷ್ಟು ಜಾಗ ಇದೆಯೇ ಎಂದು ತಪ್ಪದೆ ನೋಡಿ. ಹಸಿ ಎರೆಯ ಮೇಲೆ ಮಾತ್ರ ಯಾವ ಸೈಕಲ್ಲೂ ನಡೆಯದು. ಅದು ಬಿತ್ತನೆಯ ಹೊತ್ತು ಕೂಡ, ಹೊಲದ ಬದು ತುಳಿಯದೆ ಗರಸಿನ ದಾರಿಗೇ ಹೋಗುವುದು ಒಳ್ಳೆಯದು.

ಗೇರಿನ ಲೆಕ್ಕವೂ ಹೀಗೆಯೇ ನೆಲದಿಂದ ಹುಟ್ಟಬೇಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ಒಂದು ಗರಸಿನ ದಿಬ್ಬ ನಿಮ್ಮೆದುರಿಗಿದೆ ಎಂದುಕೊಳ್ಳಿ. ಅದೇ 85 ಕಿಲೋ ಹತ್ತಿಸುತ್ತ ಹೊಸ ಸವಾರ 120 ವ್ಯಾಟ್ ಶಕ್ತಿ ಹಾಕಿದರೆ ಗಂಟೆಗೆ ಐದು ಕಿಲೋಮೀಟರಿಗಿಂತ ತುಸು ಹೆಚ್ಚು ವೇಗ ಸಿಕ್ಕೀತು. ಹಳೆಯ ಕರಿ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಅಂದರೆ ಈ ದಿಬ್ಬದಲ್ಲಿ ನಿಮಿಷಕ್ಕೆ 16 ಸುತ್ತು ಮಾತ್ರ, ಪ್ರತಿ ಸುತ್ತಿಗೂ ಸರಾಸರಿ 43 ಕಿಲೋ ತೂಕದಷ್ಟು ಒತ್ತು. ಯಾರೇ ಆದರೂ ಇಳಿದು ತಳ್ಳುತ್ತಾರೆ. ಮುಂದೆ 24 ಹಲ್ಲು, ಹಿಂದೆ 34 ಹಲ್ಲು ಇರುವ ಗೇರಿನಲ್ಲಿ ಒಂದು ಸುತ್ತಿಗೆ ಒಂದೂವರೆ ಮೀಟರ್ ಸಾಗುತ್ತದೆ. ಆಗ ಅದೇ ವೇಗ, ಅದೇ ಶಕ್ತಿ, ನಿಮಿಷಕ್ಕೆ 59 ಸುತ್ತು, ಒತ್ತು 12 ಕಿಲೋ. ಮೊಣಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ಹಾಗಾಗಿ 21 ಗೇರೋ 24 ಗೇರೋ ಎಂಬುದು ಮುಖ್ಯವಲ್ಲ. ಮುಂದಿನ ಮೂರು, ಹಿಂದಿನ ಏಳು ಗುಣಿಸಿ ಬಂದ ಆ 21ರಲ್ಲಿ ಎಷ್ಟೋ ಜೋಡಿಗಳು ಒಂದರಂತೆಯೇ ಇನ್ನೊಂದು, ಕೆಲವನ್ನು ಬಳಸಿದರೆ ಚೈನು ಓರೆಯಾಗಿ ಬೇಗ ಸವೆಯುತ್ತದೆ. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಮತ್ತು ಹಿಂದಿನ ಅತಿ ದೊಡ್ಡದರ ಹಲ್ಲು ಎಣಿಸಿ. ಮುಂದಿನದು ಹಿಂದಿನದಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಕಮಲಾಪುರದ ಆಚೆಗಿನ ಏರು ನಿಮ್ಮದು. ಮುಂದೆ ಒಂದೇ ಚಕ್ರ ಇರುವ ಈಗಿನ ಸೈಕಲ್‌ಗಳಿಗೂ ಇದೇ ಲೆಕ್ಕ.

ಗಾಲಿಯ ಅಳತೆಯ ಬಗ್ಗೆ ಬಹಳ ಚರ್ಚೆಯಿದೆ, ಅಷ್ಟು ಬೇಕಿಲ್ಲ. ಐದು ಸೆಂಟಿಮೀಟರ್ ಎತ್ತರದ ಕಲ್ಲಿಗೆ 26 ಇಂಚಿನ ಗಾಲಿ ಸುಮಾರು 32 ಡಿಗ್ರಿ ಕೋನದಲ್ಲಿ ತಾಗಿದರೆ 29 ಇಂಚಿನದು 30ರಲ್ಲಿ ತಾಗುತ್ತದೆ. ವ್ಯತ್ಯಾಸ ಇದೆ, ಸಣ್ಣದು. ಎತ್ತರದವರು 29 ಕೊಳ್ಳಲಿ, ಗಿಡ್ಡಗಿರುವವರು 26 ಅಥವಾ 27.5 ಕೊಂಡು ನಿಶ್ಚಿಂತೆಯಿಂದಿರಲಿ. ಫ್ರೇಮಿನ ಅಳತೆ ಮಾತ್ರ ರಾಜಿಗೆ ಬಗ್ಗುವಂಥದ್ದಲ್ಲ. ‘ಮಗ ಬೆಳೀತಾನ, ದೊಡ್ಡದೇ ಇರಲಿ’ ಎಂದು ಕೊಳ್ಳುವ ಸೈಕಲ್ ಆ ಹುಡುಗನ ಬೆನ್ನಿಗೂ ಧೈರ್ಯಕ್ಕೂ ಪೆಟ್ಟು. ನಡುವಿನ ದಾಂಡಿನ ಎರಡೂ ಬದಿ ಕಾಲಿಟ್ಟು ನಿಂತಾಗ ಕೆಲವು ಬೆರಳಿನಷ್ಟು ತೆರವಿರಬೇಕು. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟರೆ, ಪೆಡಲ್ ಕೆಳಗಿದ್ದಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿ ಸರಿಹೋಗುತ್ತದೆ.

ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟಿವೆ. ಒಮ್ಮೆ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ಗದಗದಲ್ಲೇ ನಡೆಯಿತು. ಅಂಥದ್ದೇ ಒಣನೆಲ ನಮ್ಮ ಕಡೆಗೂ ಇದೆ, ಹಾದಿಗಳೂ ಇವೆ. ಜೊತೆಗೆ ಮುಳ್ಳೂ ಇದೆ.

ಬಳ್ಳಾರಿ ಜಾಲಿಯ ಮುಳ್ಳು ಎಲ್ಲರಿಗೂ ಗೊತ್ತು. ನೆಲಕ್ಕಂಟಿ ಹಬ್ಬುವ, ಹಳದಿ ಹೂವಿನ ನೆಗ್ಗಿಲು ಅದಕ್ಕಿಂತ ಕೆಟ್ಟದ್ದು. ಅದರ ಕಾಯಿ ಒಡೆದ ಹೋಳುಗಳು ಹೇಗೆ ಬಿದ್ದರೂ ಒಂದಾದರೂ ಮುಳ್ಳು ಮೇಲ್ಮುಖವಾಗಿ ನಿಲ್ಲುತ್ತದೆ. ಪ್ರಾಣಿಗಳ ಕಾಲಿಗೆ ಚುಚ್ಚಿಕೊಂಡು ಬೀಜ ಹರಡುವ ಉಪಾಯ ಅದು. ಹಳೆಯ ಜಗತ್ತಿನ ಈ ಗಿಡ ಈಗ ಅಮೆರಿಕದ ಒಣಪ್ರದೇಶಗಳಲ್ಲೂ ಸೈಕಲ್ಲಿನವರನ್ನು ಕಾಡುತ್ತಿದೆ. ಟ್ಯೂಬಿನೊಳಗೆ ತೂತು ಮುಚ್ಚುವ ದ್ರಾವಣ ಹಾಕಿಸಿದರೆ ಇಂಥ ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೊಳ್ಳುವಾಗ ವಾಲ್ವ್ ಕೂಡ ನೋಡಿ. ಮೋಟರ್‌ಸೈಕಲ್‌ಗೆ ಇರುವಂಥ ದಪ್ಪ ವಾಲ್ವ್ ಇದ್ದರೆ ಹೆದ್ದಾರಿ ಬದಿಯ ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಸಪೂರ ಪ್ರೆಸ್ಟಾ ವಾಲ್ವ್ ಆದರೆ ಒಂದು ಪುಟ್ಟ ಹಿತ್ತಾಳೆಯ ಅಡಾಪ್ಟರ್ ಕಿಸೆಯಲ್ಲಿರಲಿ. ತುಂಬುವವರಿಗೆ 30ಕ್ಕೆ ನಿಲ್ಲಿಸಲು ಮೊದಲೇ ಹೇಳಿ. ಲಾರಿ ಟೈರು ತುಂಬುವ ಕಂಪ್ರೆಸರ್‌ಗೆ ಸೈಕಲ್ ಟ್ಯೂಬು ಕೆಲವೇ ಕ್ಷಣದ ಕೆಲಸ.