ದೇಶದೇಶಗಳಲ್ಲಿ ವಿಸಿಟಿಂಗ್ ಕಾರ್ಡಿನ ಶಿಷ್ಟಾಚಾರ

ಅಪರಿಚಿತರಿಬ್ಬರು ಎದುರಾದಾಗ ಪರಸ್ಪರರನ್ನು ಅರಿಯಬೇಕೆಂಬ ಅಪೇಕ್ಷೆ ಮಾನವನಿಗೆ ಸಹಜವಾದುದು. ಹಳ್ಳಿಗಳಲ್ಲಿ ಊರು ಯಾವುದು, ಯಾರ ಮಗ, ಯಾವ ಮನೆತನ ಎಂದು ವಿಚಾರಿಸಿ ಪರಿಚಯ ಮಾಡಿಕೊಳ್ಳುವರು. ವ್ಯಾಪಾರ ಉದ್ಯೋಗಗಳ ನಿಮಿತ್ತ ದೂರದವರು ಸಂಧಿಸುವಲ್ಲಿ ಆ ಕಾರ್ಯವನ್ನು ಅಂಗೈಯೊಳಗೆ ಅಡಗುವ ಕಾಗದದ ತುಂಡೊಂದು ನಿರ್ವಹಿಸುತ್ತದೆ. ಅದನ್ನೇ ಕನ್ನಡಿಗರು ವಿಸಿಟಿಂಗ್ ಕಾರ್ಡ್ ಎಂದು ಕರೆಯುವರು.

ಈ ಹೆಸರಿನಲ್ಲಿಯೇ ಒಂದು ಇತಿಹಾಸವಿದೆ. ಯೂರೋಪಿನಲ್ಲಿ ಮೊದಲು ಎರಡು ಬಗೆಯ ಕಾರ್ಡುಗಳಿದ್ದವು. ಒಂದು ವರ್ತಕರದು. ಮನೆಗಳಿಗೆ ಸಂಖ್ಯೆಗಳಿಲ್ಲದಿದ್ದ ಕಾಲದ ಲಂಡನ್ನಿನಲ್ಲಿ ವರ್ತಕರು ತಮ್ಮ ಅಂಗಡಿಯ ಗುರುತನ್ನೂ ಅಲ್ಲಿಗೆ ಬರುವ ದಾರಿಯನ್ನೂ ಅದರಲ್ಲಿ ಅಚ್ಚುಹಾಕಿಸುತ್ತಿದ್ದರು. ಇನ್ನೊಂದು ಕುಲೀನರದು. ಒಬ್ಬರ ಮನೆಗೆ ಭೇಟಿಯಿತ್ತಾಗ ಹೆಸರು ತಿಳಿಸಲು ಸೇವಕನ ಕೈಗೆ ಕೊಡುತ್ತಿದ್ದ ಈ ಕಾರ್ಡನ್ನು ಫ್ರೆಂಚರು ‘ಕಾರ್ತ್ ದ ವಿಸಿತ್’ ಎಂದರು. ಇಂಗ್ಲಿಷರು ಕಾಲಾಂತರದಲ್ಲಿ ಉದ್ಯೋಗದ ಕಾರ್ಡಿಗೆ ‘ಬಿಸಿನೆಸ್ ಕಾರ್ಡ್’ ಎಂಬ ಬೇರೆ ಹೆಸರನ್ನು ಬಳಸಿದರೆ, ಭಾರತದಲ್ಲಿ ಭೇಟಿಯ ಕಾರ್ಡಿನ ಹಳೆಯ ಹೆಸರೇ ಎರಡಕ್ಕೂ ನಿಂತುಹೋಯಿತು.

ಕುಲೀನರ ಕಾರ್ಡಿಗೆ ಅದರದೇ ಆದ ಸಂಕೇತ ಭಾಷೆಯಿತ್ತು. ಮೂಲೆ ಮಡಿಸಿದ್ದರೆ ಸ್ವತಃ ಬಂದಿದ್ದರೆಂದು ಅರ್ಥ. ಫ್ರೆಂಚ್ ಮಾತುಗಳ ಮೊದಲಕ್ಷರಗಳನ್ನು ಅಂಚಿನಲ್ಲಿ ಬರೆದು ಅಭಿನಂದನೆ, ಸಂತಾಪ, ಊರು ಬಿಡುವ ಮುನ್ನಿನ ವಿದಾಯ ಇವುಗಳನ್ನು ಸೂಚಿಸುತ್ತಿದ್ದರು. ಕಾರ್ಡಿಗೆ ಪ್ರತಿಯಾಗಿ ಕಾರ್ಡಾಗಲಿ ಭೇಟಿಯಾಗಲಿ ಬಾರದಿದ್ದರೆ ಆ ಪರಿಚಯ ಬೇಡವೆಂದು ತಿಳಿಯಬೇಕಾಗಿತ್ತು. ಇಂಥ ಕಾರ್ಡೊಂದು ಒಬ್ಬ ಪ್ರತಿಭಾವಂತನ ಬಾಳನ್ನೇ ಮುರಿದುದುಂಟು. 1895ರ ಫೆಬ್ರವರಿ 18ರಂದು ಕ್ವೀನ್ಸ್‌ಬೆರಿಯ ಮಾರ್ಕ್ವಿಸ್ ಎಂಬ ಶ್ರೀಮಂತನು ಲಂಡನ್ನಿನ ಆಲ್ಬೆಮಾರ್ಲ್ ಕ್ಲಬ್ಬಿನಲ್ಲಿ ತನ್ನ ಕಾರ್ಡಿನ ಮೇಲೆ ಅವಮಾನಕರವಾದ ಮಾತನ್ನು ಗೀಚಿ, ನಾಟಕಕಾರ ಆಸ್ಕರ್ ವೈಲ್ಡ್‌ನಿಗಾಗಿ ಬಿಟ್ಟುಹೋದನು. ವೈಲ್ಡ್ ಮಾನನಷ್ಟ ಮೊಕದ್ದಮೆ ಹೂಡಿ ಸೋತನು. ಅಲ್ಲಿ ಹೊರಬಿದ್ದ ಸಂಗತಿಗಳೇ ಅವನಿಗೆ ತಿರುಗುಬಾಣವಾಗಿ, ಅದೇ ವರ್ಷದ ಮೇ ತಿಂಗಳಲ್ಲಿ ಎರಡು ವರ್ಷಗಳ ಕಠಿಣ ಸಜೆಗೆ ಗುರಿಯಾದನು. ಆ ಕಾರ್ಡು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿದೆ.

ಪೂರ್ವದೇಶಗಳಲ್ಲಿ ಈ ಪದ್ಧತಿ ಇನ್ನೂ ಪುರಾತನವಾದುದು. ಕ್ರಿ.ಶ. 249ರಲ್ಲಿ ಮಡಿದ ಚೀನದ ಸೇನಾನಿ ಝು ರಾನನ ಸಮಾಧಿ 1984ರಲ್ಲಿ ಆನ್‌ಹುಯಿ ಪ್ರಾಂತದಲ್ಲಿ ದೊರೆತಾಗ, ಅವನ ಹೆಸರು ಬರೆದ ಮರದ ಪಟ್ಟಿಗಳು ಅದರೊಳಗಿದ್ದವು. ಜಪಾನೀಯರು ಕಾರ್ಡಿಗೆ ‘ಮೇಯ್‌ಶಿ’ ಎನ್ನುವರು. ‘ಮೇಯ್’ ಎಂದರೆ ಹೆಸರು. ‘ಶಿ’ ಎಂದು ಓದುವ ಅಕ್ಷರವು ಪ್ರಾಚೀನ ಚೀನದಲ್ಲಿ ಇಂಥ ಪಟ್ಟಿಗಳನ್ನೇ ಸೂಚಿಸುತ್ತಿತ್ತು.

ಜಪಾನಿನಲ್ಲಿ ಮೇಯ್‌ಶಿಗೆ ಇಷ್ಟು ಮಹತ್ವವೇಕೆ? ಅಲ್ಲಿ ಒಂದೇ ಉಚ್ಚಾರಣೆಯ ಹೆಸರನ್ನು ಹಲವು ವಿಧದ ಚೀನೀ ಅಕ್ಷರಗಳಲ್ಲಿ ಬರೆಯಬಹುದು. ಅವೇ ಅಕ್ಷರಗಳನ್ನು ಬೇರೆ ಬೇರೆಯಾಗಿ ಓದಲೂಬಹುದು. ಕಿವಿಗೆ ಬರಹ ತಿಳಿಯದು, ಕಣ್ಣಿಗೆ ಉಚ್ಚಾರಣೆ ತಿಳಿಯದು. ಮೇಲಾಗಿ ಎದುರಿನವರ ಸ್ಥಾನವನ್ನು ಅರಿಯದೆ ಯಾವ ಗೌರವವಾಚಕ ಬಳಸಬೇಕೆಂಬುದು ನಿಶ್ಚಯವಾಗದು. ಈ ತೊಡಕುಗಳನ್ನು ಕಾರ್ಡು ಬಿಡಿಸುತ್ತದೆ.

ಅದರ ವಿನಿಮಯಕ್ಕೆ ನಿಯಮಗಳಿವೆ. ಭೇಟಿಗೆ ಬಂದವರು, ಸ್ಥಾನದಲ್ಲಿ ಕಿರಿಯರು ಮೊದಲು ಕೊಡುವರು. ಎದ್ದು ನಿಂತು, ಅಕ್ಷರಗಳು ಎದುರಿನವರಿಗೆ ನೇರವಾಗಿರುವಂತೆ ತಿರುಗಿಸಿ, ಮೊದಲು ಸಂಸ್ಥೆಯ ಹೆಸರನ್ನೂ ಅನಂತರ ತಮ್ಮ ಹೆಸರನ್ನೂ ಹೇಳಿ, ತಲೆಬಾಗಿ ನೀಡುವರು. ಕಿರಿಯರು ತಮ್ಮ ಕಾರ್ಡನ್ನು ಹಿರಿಯರ ಕಾರ್ಡಿಗಿಂತ ಕೆಳಮಟ್ಟದಲ್ಲಿ ಹಿಡಿಯುವರು. ಪಡೆದವರು ಎರಡೂ ಕೈಗಳಿಂದ ಸ್ವೀಕರಿಸಿ, ಗಮನವಿಟ್ಟು ಓದಿ, ಮಾತುಕತೆ ಮುಗಿಯುವವರೆಗೆ ಮೇಜಿನ ಮೇಲೆ ಇರಿಸಿಕೊಳ್ಳುವರು. ಅದರ ಮೇಲೆ ಎದುರಿಗೇ ಗೀಚುವುದು, ಪ್ಯಾಂಟಿನ ಹಿಂಜೇಬಿಗೆ ತುರುಕುವುದು ಅವಮರ್ಯಾದೆಯೆನಿಸುತ್ತದೆ.

ಚೀನ, ಕೊರಿಯಗಳಲ್ಲಿಯೂ ಎರಡು ಕೈಗಳ ಪದ್ಧತಿಯಿದೆ. ಅರಬ್ ದೇಶಗಳಲ್ಲಿ ಎಡಗೈಯಿಂದ ಕೊಡಬಾರದು. ಅಮೆರಿಕನ್ನರಾದರೋ ಪಡೆದ ಕಾರ್ಡಿನ ಹಿಂಬದಿಯಲ್ಲಿ ಟಿಪ್ಪಣಿ ಬರೆದು ಜೇಬಿಗಿಳಿಸುವರು. ಅವರಿಗದು ತಿರಸ್ಕಾರವಲ್ಲ, ಅನುಕೂಲ ಮಾತ್ರ. ಅಳತೆಯೂ ಒಂದೇ ಅಲ್ಲ. ಜಪಾನಿನ ಕಾರ್ಡು ಸಾಮಾನ್ಯವಾಗಿ 91 ಮಿ.ಮೀ. ಉದ್ದ, 55 ಮಿ.ಮೀ. ಅಗಲ, ಪಶ್ಚಿಮ ಯೂರೋಪಿನದು 85 ಮತ್ತು 55 ಮಿ.ಮೀ.; ಅಮೆರಿಕದ್ದು ಮೂರೂವರೆ ಅಂಗುಲ ಉದ್ದ, ಎರಡು ಅಂಗುಲ ಅಗಲ.

ಈ ವಿಚಾರ ಕನ್ನಡ ನಾಡಿನ ತರುಣರಿಗೆ ದೂರದ್ದಲ್ಲ. 1997ರಲ್ಲಿ ಸ್ಥಾಪನೆಗೊಂಡ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆ ಬೆಂಗಳೂರಿನ ಸಮೀಪದ ಬಿಡದಿಯಲ್ಲಿಯೇ ಇದೆ. ಹಳ್ಳಿಯ ಶಾಲೆಯಿಂದ ಹೊರಟ ಹುಡುಗನೊಬ್ಬ ನಾಳೆ ಜಪಾನೀ ಎಂಜಿನಿಯರನ ಎದುರು ನಿಲ್ಲಬಹುದು. ಒಂದೇ ಕೈಯಿಂದ ಕಾರ್ಡು ಪಡೆದು ನೋಡದೆ ಜೇಬಿಗಿಳಿಸಿದರೆ, ಅವನ ಮನಸ್ಸಿನಲ್ಲಿಲ್ಲದ ಉದಾಸೀನವನ್ನು ಎದುರಿನವರು ಅವನಲ್ಲಿ ಕಂಡಾರು. ಅರಿಯದೆ ಆದ ತಪ್ಪೆಂದು ವಿವರಿಸುವ ಅವಕಾಶ ಮೊದಲ ಭೇಟಿಯಲ್ಲಿ ದೊರೆಯುವುದು ಅಪರೂಪ. ಹಿರಿಯರು ನೀಡಿದುದನ್ನು ಎರಡು ಕೈಯೊಡ್ಡಿ ಪಡೆಯುವುದು ಅವನ ಮನೆಯಲ್ಲಿಯೂ ಇರುವ ಸಂಸ್ಕಾರವೇ. ಅದನ್ನು ಅಲ್ಲಿ ನೆನೆದರೆ ಸಾಕು.

ಇತ್ತೀಚೆಗೆ ದೂರವಾಣಿಯ ಪರದೆಯಲ್ಲಿ ಕ್ಯೂಆರ್ ಸಂಕೇತ ತೋರಿಸಿ ವಿವರಗಳನ್ನು ಹಂಚಿಕೊಳ್ಳುವ ಕ್ರಮ ಹಬ್ಬುತ್ತಿದೆ. ಕಾಗದ ಮಾಯವಾದರೂ ಆಗಬಹುದು. ಆದರೆ ಹೆಸರನ್ನು ಗಮನವಿಟ್ಟು ಓದಿ, ಸರಿಯಾಗಿ ಉಚ್ಚರಿಸಿ, ಅದನ್ನು ಹೊತ್ತವರನ್ನು ಗೌರವಿಸುವ ಹೊಣೆ ಯಂತ್ರದ ಪಾಲಿಗೆ ಬರುವಂಥದಲ್ಲ. ಅದು ಎಂದಿಗೂ ಮನುಷ್ಯನದೇ.