ಗರ್ಭಕೋಶದ ಆಪರೇಷನ್ ಆಯಿತು, ಮುಂದೆ?

ಗರ್ಭಕೋಶದೊಳಗಿನ ಅಡ್ಡಪರದೆಯನ್ನೋ ಗಡ್ಡೆಯನ್ನೋ ತೆಗೆಸಿಕೊಂಡು ವಿಜಯಪುರ, ಸೊಲ್ಲಾಪುರಗಳಿಂದ ಇಂಡಿ, ಸಿಂದಗಿಗೆ ಮರಳುವವರು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಒಳಪದರ ತಳದವರೆಗೆ ಗಾಯಗೊಂಡರೆ ಎದುರುಬದುರಿನ ಗೋಡೆಗಳು ಒಂದಕ್ಕೊಂದು ಅಂಟಿ ಕಲೆಗಟ್ಟಬಹುದು. ಸ್ತ್ರೀರೋಗ ತಜ್ಞ ಜೋಸೆಫ್ ಆಶರ್‌ಮನ್ 1950ರಲ್ಲಿ ವರದಿ ಮಾಡಿದ್ದು ಇದನ್ನೇ. ಮುಟ್ಟು ಕಡಿಮೆಯಾಗಬಹುದು, ಗರ್ಭ ನಿಲ್ಲುವುದು ಕಷ್ಟವಾಗಬಹುದು. ದೂರು ಮಾತ್ರ ಸೊಸೆಯ ಮೇಲೆ.

ಗೋಡೆಗಳು ಅಂಟದಂತೆ ತಡೆಯಲು ಹೈಲುರಾನಿಕ್ ಆಮ್ಲದ ಜೆಲ್, ಪುಟ್ಟ ಬಲೂನು, ಈಸ್ಟ್ರೋಜನ್ ಮಾತ್ರೆಗಳಿವೆ. ಜೆಲ್ ಅಂಟನ್ನು ತಗ್ಗಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಅದರಿಂದ ಹೆಚ್ಚು ಮಕ್ಕಳು ಹುಟ್ಟುತ್ತಾರೆಂಬುದು ಸಾಬೀತಾಗಿಲ್ಲ. ಹಾಗಾದರೆ ದುಡ್ಡೇಕೆ ಸುರಿಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಮಟ್ಟಿಗೆ ಜೆಲ್‌ಗಿಂತ ಮುಖ್ಯವಾದದ್ದು ಒಳಪದರ ಸುಡದಂತೆ ನಾಜೂಕಾಗಿ ಮಾಡಿದ ಆಪರೇಷನ್, ಆಮೇಲೆ ಕೆಲವು ವಾರಗಳಲ್ಲಿ ಗರ್ಭಕೋಶದೊಳಗೆ ದುರ್ಬೀನು (ಹಿಸ್ಟರೋಸ್ಕೋಪ್) ಬಿಟ್ಟು ನೋಡುವ ಮರುತಪಾಸಣೆ. ಹೊಸ ಅಂಟು ತೆಳ್ಳಗಿರುತ್ತದೆ, ಸುಲಭವಾಗಿ ಬಿಡುತ್ತದೆ. ಮುಟ್ಟು ಸರಿಯಾಗಿ ಬಂದರೂ ಒಳಗೆ ಅಂಟಿರಬಹುದು. ಮರುತಪಾಸಣೆ ಯಾವಾಗ ಎಂದು ವೈದ್ಯರನ್ನು ಕೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ತಾರೀಖು ಬರೆಸಿಕೊಂಡೇ ಬಸ್ಸು ಹತ್ತಿ.