ಜಾರ್ಜ್ ಫರ್ನಾಂಡಿಸ್: ಮುಷ್ಕರದಿಂದ ಮಂತ್ರಿಪದವಿಗೆ

ಕಾರ್ಮಿಕ ಸಂಘಟನೆಯ ಬಲವು ಮತಬಲವಾಗಿ ಪರಿವರ್ತನೆಗೊಳ್ಳುವ ಬಗೆಯನ್ನು ಅರಿಯಲು ಜಾರ್ಜ್ ಫರ್ನಾಂಡಿಸ್ (1930-2019) ಅವರ ಬದುಕು ಮುಖ್ಯ ನಿದರ್ಶನ. ಮಂಗಳೂರಿನಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಮಿನರಿಯಲ್ಲಿ ಪಾದ್ರಿಯಾಗುವ ಶಿಕ್ಷಣವನ್ನು ತೊರೆದು 1949ರಲ್ಲಿ ಮುಂಬಯಿ ಸೇರಿದರು. ಪ್ಲಾಸಿಡ್ ಡಿಮೆಲ್ಲೊ ಅವರ ಒಡನಾಟ ಹಾಗೂ ಲೋಹಿಯಾ ಚಿಂತನೆ ಅವರನ್ನು ರೂಪಿಸಿದವು. ಅಲ್ಲಿನ ಕಾರ್ಮಿಕರ ನಡುವೆ ಗಳಿಸಿದ ನೆಲೆಯಿಂದಲೇ 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಯನ್ನು ಪ್ರವೇಶಿಸಿದರು.

1974ರ ಮೇ 8ರಂದು ಅವರ ನಾಯಕತ್ವದಲ್ಲಿ ಆರಂಭವಾದ ರೈಲ್ವೆ ಮುಷ್ಕರವು ಸಾಮೂಹಿಕ ಬಂಧನಗಳಿಂದ ನಲುಗಿ, ಬೇಡಿಕೆಗಳು ಈಡೇರದೆಯೇ ಮೇ 27ರಂದು ಕೊನೆಗೊಂಡಿತು. ಮುಷ್ಕರವಾಗಿ ಅದು ಸೋಲು. ರಾಜಕೀಯವಾಗಿ ಮಾತ್ರ ಅವರನ್ನು ರಾಷ್ಟ್ರನಾಯಕರನ್ನಾಗಿಸಿತು. 1977ರಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಸೆರೆಯಲ್ಲಿದ್ದಾಗಲೇ, ಮುಜಫ್ಫರಪುರದಿಂದ ಆಯ್ಕೆಯಾದರು.

ಈ ಗೆಲುವಿಗಾಗಿ ಬೇರೆಯವರು ತೆತ್ತ ಬೆಲೆಯೂ ಗಮನಾರ್ಹ. ತಮ್ಮ ಲಾರೆನ್ಸ್ ಬೆಂಗಳೂರಿನಲ್ಲಿ ಪೊಲೀಸರ ಚಿತ್ರಹಿಂಸೆಗೆ ಗುರಿಯಾದರು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಕಾರಾಗೃಹದಲ್ಲಿ ತೀವ್ರ ಅಸ್ವಸ್ಥರಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು.

ರೈಲುಗಳನ್ನು ನಿಲ್ಲಿಸಿದ ನಾಯಕರೇ 1989ರಲ್ಲಿ ರೈಲ್ವೆ ಸಚಿವರಾಗಿ ಕೊಂಕಣ ರೈಲ್ವೆಗೆ ಚಾಲನೆ ನೀಡಿದರು. 1998ರಲ್ಲಿ ರಕ್ಷಣಾ ಸಚಿವರಾದರು. ಪ್ರಭುತ್ವವನ್ನು ಎದುರಿಸಿದವರು ಪ್ರಭುತ್ವದ ಭಾಗವಾಗುವ ಈ ಪಲ್ಲಟವನ್ನು ವೈಯಕ್ತಿಕ ವೈರುಧ್ಯವೆಂದಷ್ಟೇ ಕಾಣಲಾಗದು. ಸಂಘಟನೆಯ ಶಕ್ತಿಯು ವ್ಯಕ್ತಿಯೊಬ್ಬರಲ್ಲಿ ಕೇಂದ್ರೀಕೃತವಾದಾಗ, ಅವರು ಅಧಿಕಾರಕ್ಕೇರಿದರೂ ಸಂಘಟನೆಯು ಕೆಳಗೇ ಉಳಿಯುತ್ತದೆ ಎಂಬುದನ್ನು ಈ ಜೀವನವು ಸ್ಪಷ್ಟಪಡಿಸುತ್ತದೆ.